ಅರ್ಧ ಮಾತಿಗೆ ಮಂಕಾಗುತ್ತಿದ್ದ ಸ್ಕ್ರೀನು

ನನ್ನ ಅಣ್ಣ ದೊಡ್ಡ ಮಾತುಗಾರ. ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಅವನ ಅಪಾರ್ಟ್‌ಮೆಂಟಿಗೆ ಊಟಕ್ಕೆ ಬಂದವರು ಯಾರೂ ಅಂದುಕೊಂಡ ಹೊತ್ತಿಗೆ ಎದ್ದು ಹೋದದ್ದನ್ನು ನಾನು ಕಂಡಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತವರನ್ನೂ ತಡೆದು ಇನ್ನೊಂದು ಕಥೆ ಶುರು ಮಾಡುತ್ತಿದ್ದ. ಒಳಗಿನಿಂದ ಅತ್ತಿಗೆ, "ಅವರನ್ನ ಬಿಡ್ರೀ, ಮನೆಗೆ ಹೋಗ್ಲಿ," ಎಂದು ಕೂಗಬೇಕಾಗುತ್ತಿತ್ತು. ಅಂಥವನನ್ನು ಹಿಡಿದ ಕಾಯಿಲೆ ಮೊದಲು ಕೈ ಹಾಕಿದ್ದು ನಾಲಿಗೆಗೇ.

ಒಂದು ಭಾನುವಾರ ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತಿದ್ದಾಗ ಅವನ ಮಾತು ತೊದಲಿತು. ಪಕ್ಕದಲ್ಲಿದ್ದ ಸ್ನೇಹಿತರೊಬ್ಬರು, "ಏನ್ ಸಾರ್, ಬೆಳಿಗ್ಗೇನೇ ಶುರು ಮಾಡ್ಬಿಟ್ರಾ?" ಎಂದರು. ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ಅತ್ತಿಗೆ ಮಾತ್ರ ನಗಲಿಲ್ಲ. ಅವರು ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಪರೀಕ್ಷೆಗಳೆಲ್ಲ ಮುಗಿದು ಎಎಲ್ಎಸ್ ಎಂಬ ಹೆಸರು ಹೊರಬೀಳುವ ಎಷ್ಟೋ ಮುಂಚೆಯೇ ಅವರಿಗೆ ಅನುಮಾನ ಹುಟ್ಟಿತ್ತಂತೆ. ಮೈಯ ಸ್ನಾಯುಗಳೆಲ್ಲ ಒಂದೊಂದಾಗಿ ನಿಂತುಹೋಗಿ, ಬುದ್ಧಿ ಮಾತ್ರ ಇದ್ದ ಹಾಗೇ ಉಳಿಯುವ ಕಾಯಿಲೆ ಅದು. ಅದಕ್ಕೆ ಔಷಧಿ ಇಲ್ಲ ಎಂದು ನನಗೆ ಹೇಳಿದವರೂ ಅತ್ತಿಗೆಯೇ. ಅಡುಗೆಮನೆಯಲ್ಲಿ, ಬೀನ್ಸ್ ಹೆಚ್ಚುತ್ತಾ, ತಲೆಯೆತ್ತದೆ ಹೇಳಿದರು.

ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಗಾಜಿನ ತಟ್ಟೆಗಳಲ್ಲಿ ಜೀವಕೋಶ ಬೆಳೆಸುವುದು, ಮೈಕ್ರೋಸ್ಕೋಪಿನಲ್ಲಿ ನೋಡುವುದು, ಇದಿಷ್ಟೇ ನನಗೆ ಬರುವ ವಿದ್ಯೆ. ಕಂಪ್ಯೂಟರು ಕೆಟ್ಟರೆ ಅಣ್ಣನಿಗೆ ಫೋನ್ ಮಾಡುವುದು ಎಷ್ಟೋ ವರ್ಷಗಳ ಅಭ್ಯಾಸ. ಅವನದೊಂದು ಹಟವಿತ್ತು: ನನ್ನ ಕೀಬೋರ್ಡನ್ನು ಯಾವತ್ತೂ ತಾನು ಮುಟ್ಟುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತು, "ನೀನೇ ಒತ್ತು ಪುಟ್ಟಿ, ನಾನ್ ಹೇಳ್ತೀನಿ. ನಾನೇ ಮಾಡಿಕೊಟ್ರೆ ನಾಳೆ ಮತ್ತೆ ಫೋನ್ ಮಾಡ್ತೀಯ," ಎನ್ನುತ್ತಿದ್ದ. ಹೇಗಿದ್ದರೂ ನಾನು ಮರುದಿನ ಫೋನ್ ಮಾಡುತ್ತಿದ್ದೆ.

ಮಾತು ಪೂರ್ತಿ ನಿಂತ ಮೇಲೆ ಅವನಿಗೆ ಕಣ್ಣಿನಿಂದ ಟೈಪ್ ಮಾಡುವ ಸಾಧನ ಬಂತು. ಸ್ಕ್ರೀನಿನ ಅಡಿಗೆ ಅಂಟಿಸಿದ ಒಂದು ಪಟ್ಟಿ, ಕಣ್ಣು ಯಾವ ಕಡೆ ನೋಡುತ್ತಿದೆ ಎಂದು ಗಮನಿಸುತ್ತಿರುತ್ತದೆ. ಸ್ಕ್ರೀನಿನ ಕೆಳಭಾಗದಲ್ಲಿ ಒಂದು ಕೀಬೋರ್ಡಿನ ಚಿತ್ರ. ಅದರಲ್ಲಿ ಒಂದು ಅಕ್ಷರದ ಮೇಲೆ ನೋಟ ನಿಲ್ಲಿಸಿದರೆ ಆ ಅಕ್ಷರ ಮೇಲೆ ಮೂಡುತ್ತದೆ. ಅದರ ಜೊತೆಗೆ ಊಟದ ತಟ್ಟೆ, ಹಾಸಿಗೆ, ನಗುವ ಮುಖ ಇಂಥ ಚಿತ್ರಗಳಿರುವ ಒಂದು ಪ್ರೋಗ್ರಾಮೂ ಇತ್ತು. ಅಣ್ಣ ಅದನ್ನು ನೋಡಿದವನೇ ಟೈಪ್ ಮಾಡಿದ್ದು: "ನಂಗೇನು ಪ್ರೀಸ್ಕೂಲಾ?" ಅವನಿಗೆ ಬೇಕಾಗಿದ್ದದ್ದು ಟರ್ಮಿನಲ್ಲು, ಅಂದರೆ ಕಪ್ಪು ಹಿನ್ನೆಲೆಯಲ್ಲಿ ಬರೀ ಅಕ್ಷರಗಳು ಮಾತ್ರ ಇರುವ ವಿಂಡೋ. ಸಾಫ್ಟ್‌ವೇರ್ ಉದ್ಯೋಗದುದ್ದಕ್ಕೂ ಅವನು ದಿನವಿಡೀ ನೋಡಿಕೊಂಡು ಕೂತಿದ್ದದ್ದು ಅದನ್ನೇ. ಆಗಿನ್ನೂ ಬಲಗೈಯ ತೋರುಬೆರಳು ಆಡುತ್ತಿತ್ತು. ಆ ಬೆರಳಿನಡಿಗೆ ಮೌಸಿನ ಬದಲು ಒಂದು ಪುಟ್ಟ ಬಟನ್ ಇಟ್ಟುಕೊಂಡು, ಅಕ್ಷರಗಳನ್ನು ದೊಡ್ಡದು ಮಾಡಿ, ಎಲ್ಲವನ್ನೂ ತಾನೇ ಹೊಂದಿಸಿಕೊಂಡ.

ಕನ್ನಡವನ್ನು ಅವನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಿದ್ದ. ಅದಕ್ಕೆ ಒಂದು ಕಾರಣ ಟರ್ಮಿನಲ್ಲಿನಲ್ಲಿ ನಮ್ಮ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದದ್ದು. ಇನ್ನೊಂದು, ಇಲ್ಲೇ ಹುಟ್ಟಿದ ಅವನ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಹೇಳುವ ಧ್ವನಿಯೂ ಆ ಸಾಧನದಲ್ಲಿತ್ತು. ಮೊದಲ ದಿನ ಅಣ್ಣ "ಬೆನ್ನು ತುರಿಸು" ಎಂದು ಬರೆದ. ಆ ಅಮೆರಿಕನ್ ಧ್ವನಿ ಅದನ್ನು ಯಾವುದೋ ಊರಿನ ಹೆಸರಿನ ಹಾಗೆ ಹೇಳಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತೇ ಧ್ವನಿಯನ್ನು ನಿಲ್ಲಿಸಿಬಿಟ್ಟೆವು. ಹಾಗಾಗಿ ಅಣ್ಣನ ಮಾತು ಕೇಳಬೇಕೆಂದರೆ ಸ್ಕ್ರೀನು ನೋಡಬೇಕಿತ್ತು.

ಆ ಚಳಿಗಾಲದಲ್ಲಿ ಸ್ಕ್ರೀನು ಮಂಕಾಗತೊಡಗಿತು. ಅವನು ಒಂದು ವಾಕ್ಯದ ನಡುವೆ ಇರುವಾಗ ಬಿಳಿಯ ಅಕ್ಷರಗಳು ಇದ್ದಕ್ಕಿದ್ದಂತೆ ಬೂದುಬಣ್ಣಕ್ಕೆ ತಿರುಗಿ ಕಪ್ಪಿನಲ್ಲಿ ಮುಳುಗುತ್ತಿದ್ದವು. ಎಲ್ಲಿಯವರೆಗೆ ಬರೆದಿದ್ದೇನೆಂದು ಅವನಿಗೇ ಕಾಣುತ್ತಿರಲಿಲ್ಲ. ನಮಗಂತೂ, ಮಾತು ಮುಗಿಯಿತು ಎಂದೇ ಅನ್ನಿಸುತ್ತಿತ್ತು. ನಾವು ಉತ್ತರ ಕೊಡಲು ಶುರು ಮಾಡುತ್ತಿದ್ದೆವು. ಹುಬ್ಬು ಎತ್ತಿದರೆ ಹೌದು, ಕಣ್ಣು ಬಿಗಿಯಾಗಿ ಮುಚ್ಚಿದರೆ ಇಲ್ಲ ಎಂಬ ಗುರುತು ಮಾಡಿಕೊಂಡಿದ್ದೆವು. ಅವನು ಕಣ್ಣು ಮುಚ್ಚಿ ಮುಚ್ಚಿ ತೆರೆಯುತ್ತಿದ್ದ. ಯಾರಾದರೂ ಮೌಸ್ ಹಿಡಿದು ಆ ವಿಂಡೋ ಮೇಲೆ ಒತ್ತಿದರೆ ಮತ್ತೆ ಬೆಳಕಾಗುತ್ತಿತ್ತು. ಹೊಸ ತೊಂದರೆಗಳು ವಾರಕ್ಕೊಂದು ಬರುತ್ತಿದ್ದ ಮನೆಯಲ್ಲಿ ಇದನ್ನು ಯಾರೂ ದೊಡ್ಡದು ಮಾಡಲಿಲ್ಲ.

ದೊಡ್ಡದಾದದ್ದು ನರ್ಸ್ ಬಂದ ದಿನ. ಮನೆಗೆ ಬಂದು ನೋಡಿಕೊಂಡು ಹೋಗುತ್ತಿದ್ದ ಆಕೆ ಬಲು ಮೃದು ಸ್ವಭಾವದ ಹೆಂಗಸು. ಅಣ್ಣನ ಉಸಿರು ಕಡಿಮೆಯಾಗುತ್ತಿತ್ತು. ಗಂಟಲಿಗೆ ರಂಧ್ರ ಮಾಡಿ ಉಸಿರಾಟದ ಯಂತ್ರ ಜೋಡಿಸಬೇಕೇ ಬೇಡವೇ ಎಂಬುದನ್ನು ಅವನೇ ಹೇಳಬೇಕಿತ್ತು. ಆಕೆ ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ಕೇಳಿದಳು. ಅಣ್ಣ ಇಂಗ್ಲಿಷಿನಲ್ಲಿ "ಐ ಡೋಂಟ್ ವಾಂಟ್", ಅಂದರೆ ನನಗೆ ಬೇಡ, ಎಂಬಷ್ಟು ಬರೆದ. ಕಣ್ಣಿಗೆ ದಣಿವಾಗಿ ಒಂದು ಕ್ಷಣ ನಿಂತ. ಸ್ಕ್ರೀನು ಮಂಕಾಯಿತು. ನರ್ಸ್ ಅವನ ಕೈಮೇಲೆ ಕೈಯಿಟ್ಟು, ಅರ್ಥವಾಯಿತು ಎನ್ನುವಂತೆ ತಲೆಯಾಡಿಸಿ, ತನ್ನ ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಳ್ಳತೊಡಗಿದಳು. ಅಣ್ಣ ಕಣ್ಣು ಬಿಗಿದು ಮುಚ್ಚಿದ. ಮತ್ತೆ ಮುಚ್ಚಿದ. ಅಳು ತಡೆಯುತ್ತಿದ್ದಾನೆಂದು ತಿಳಿದು ಆಕೆ ಟಿಶ್ಯೂ ತೆಗೆದು ಅವನ ಕಣ್ಣೊರೆಸಲು ಹೋದಳು.

"ಇರಿ," ಎಂದರು ಅತ್ತಿಗೆ, ಇಂಗ್ಲಿಷಿನಲ್ಲಿ, ನಾನು ಅದುವರೆಗೆ ಅವರ ಬಾಯಲ್ಲಿ ಕೇಳದಷ್ಟು ಜೋರಾಗಿ. "ಅವರಿನ್ನೂ ಮುಗಿಸಿಲ್ಲ."

ನಾನು ಓಡಿಹೋಗಿ ಮೌಸ್ ಒತ್ತಿದೆ. ಬೆಳಕು ಬಂತು. ಅಣ್ಣ ಮತ್ತೆ ಒಂದೊಂದೇ ಅಕ್ಷರ ಸೇರಿಸಿದ. "ಐ ಡೋಂಟ್ ವಾಂಟ್ ಟು ಡಿಸೈಡ್ ಟುಡೇ." ಇವತ್ತೇ ನಿರ್ಧರಿಸುವುದು ಬೇಡ ಎಂದು. ಆಕೆ ತುಂಬಾ ನೊಂದುಕೊಂಡಳು, ಬರೆದದ್ದನ್ನು ಅಳಿಸಿದಳು, ಮತ್ತೆ ಮತ್ತೆ ಕ್ಷಮೆ ಕೇಳಿದಳು. ಆಕೆ ಹೋದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿ, "ಅದೇನಾಗ್ತಿದೆ ನೋಡಿ ಸರಿ ಮಾಡು," ಎಂದರು. "ಇನ್ನೊಂದ್ಸಲ ಹೀಗಾಗ್ಬಾರ್ದು."

"ನಂಗೆ ಅದೆಲ್ಲ ಬರಲ್ಲ ಅತ್ತಿಗೆ."

"ಬರೋರು ಅಲ್ಲೇ ಕೂತಿದಾರಲ್ಲ, ಕೇಳ್ಕೊಂಡು ಮಾಡು."

ಶನಿವಾರ ಬೆಳಿಗ್ಗೆಯೇ ಹೋಗಿ ಅಣ್ಣನ ಪಕ್ಕದಲ್ಲಿ ಕೂತೆ. ಮೊದಲು ನನಗೆ ತೋಚಿದ್ದು ಕರೆಂಟು ಉಳಿಸುವ ಸೆಟ್ಟಿಂಗು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಸ್ಕ್ರೀನು ಆರುವ ಹಾಗೆ ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ. ಅದನ್ನು ಯಾವತ್ತೂ ಆರದಂತೆ ಮಾಡಿದೆ. ಮತ್ತೆ ಮಂಕಾಯಿತು. ಕೋಣೆಯ ಬೆಳಕಿಗೆ ತಕ್ಕಂತೆ ಸ್ಕ್ರೀನು ಹೆಚ್ಚುಕಡಿಮೆಯಾಗುವ ವ್ಯವಸ್ಥೆಯಿರುತ್ತದೆ ಎಂದು ಓದಿ ಅದನ್ನೂ ತೆಗೆದುಹಾಕಿದೆ, ಕಿಟಕಿಯ ಪರದೆಗಳನ್ನೂ ಎಳೆದೆ. ಮತ್ತೂ ಮಂಕಾಯಿತು. ಬಟ್ಟೆ ಮಡಿಸುತ್ತಾ ನೋಡುತ್ತಿದ್ದ ಅತ್ತಿಗೆ, "ಮೂಲೇಲಿರೋ ಗಡಿಯಾರ ನೋಡು, ಅದು ಮಂಕಾಗಿಲ್ಲ. ಆ ಕಪ್ಪು ವಿಂಡೋ ಒಂದೇ ಆಗ್ತಿರೋದು," ಎಂದರು. ನಿಜ. ಸ್ಕ್ರೀನಿನದೇನೂ ತಪ್ಪಿರಲಿಲ್ಲ. ಟರ್ಮಿನಲ್ಲು ತನಗೆ ತಾನೇ ಮಂಕಾಗುತ್ತಿತ್ತು.

ನಾನು ಟರ್ಮಿನಲ್ಲಿನ ಸೆಟ್ಟಿಂಗು ತೆರೆದೆ. ಒಂದರೊಳಗೊಂದು ಪುಟಗಳು, ಪ್ರತಿ ಪುಟದ ತುಂಬ ನನಗೆ ತಲೆಬುಡ ತಿಳಿಯದ ಹೆಸರುಗಳು. ಬಣ್ಣಗಳನ್ನು ಬದಲಿಸಿದೆ, ಅಕ್ಷರಗಳನ್ನು ದಪ್ಪ ಮಾಡಿದೆ. ಅಣ್ಣ ಏನೋ ಹೇಳಲು ಹೊರಟ. "ಎಫ್" ಬಂತು, "ಓ" ಬಂತು. ನಾನು ಕಾದೆ. ಕೊನೆಗೆ "ಫೋಕಸ್" ಎಂದಷ್ಟು ಮೂಡಿತು, ಅಷ್ಟರಲ್ಲಿ ಮಂಕಾಯಿತು.

ಬೆಳಿಗ್ಗೆಯಿಂದ ಕೂತು ನನಗೆ ತಲೆ ಸಿಡಿಯುತ್ತಿತ್ತು. "ಗಮನ ಇಟ್ಟೇ ನೋಡ್ತಿದೀನಿ ಅಣ್ಣ! ಇನ್ನೆಷ್ಟು ಗಮನ ಇಡ್ಲಿ?" ಎಂದು ರೇಗಿದೆ. ಅವನು ಕಣ್ಣು ಬಿಗಿದು ಮುಚ್ಚಿದ. ನಾನು ಮೌಸ್ ಒತ್ತಿದೆ. ಅವನು ಮತ್ತೆ ಅದೇ ಪದ ಬರೆದ. ನಾನು ಎದ್ದು ನಿಂತೆ. ಆಗ ಅವನು ಬರೆದದ್ದು ಒಂದೇ ಮಾತು: "ಬಿಡು."

ಕೆಳಗೆ ಕಾರಿನಲ್ಲಿ ಕೂತು ಅತ್ತೆ. ಮೇಲೆ ಬಂದಾಗ ಅವನು ನಿದ್ದೆ ಮಾಡುತ್ತಿದ್ದ, ಅಥವಾ ಹಾಗೆ ಕಾಣಿಸುತ್ತಿದ್ದ. ಹೇಳದೆ ಹೊರಟುಬಂದೆ.

ಆ ವಾರ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕಂಪ್ಯೂಟರಿನ ಮುಂದೆ ಕೂತು ಏನೋ ಟೈಪ್ ಮಾಡುತ್ತಿದ್ದೆ. ಎಷ್ಟು ಒತ್ತಿದರೂ ಅಕ್ಷರ ಬರಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಬಗ್ಗಿ ನೋಡಿ, "ಆ ವಿಂಡೋಗೆ ಫೋಕಸ್ ಇಲ್ಲ. ಮೊದ್ಲು ಅದರ ಮೇಲೆ ಕ್ಲಿಕ್ ಮಾಡು," ಎಂದ, ಇಂಗ್ಲಿಷಿನಲ್ಲಿ, ಯಾರಿಗಾದರೂ ಹೇಳುವ ಹಾಗೆ ಸಾಧಾರಣವಾಗಿ. ನನ್ನ ಕೈ ಕೀಬೋರ್ಡಿನ ಮೇಲೇ ನಿಂತುಬಿಟ್ಟಿತು. ಕಂಪ್ಯೂಟರಿನವರ ಭಾಷೆಯಲ್ಲಿ, ತೆರೆದಿರುವ ವಿಂಡೋಗಳಲ್ಲಿ ಈಗ ಯಾವುದು ಬಳಕೆಯಲ್ಲಿದೆಯೋ ಅದಕ್ಕೆ ಫೋಕಸ್ ಇದೆ ಎನ್ನುತ್ತಾರೆ. ಅಣ್ಣ ನನಗೆ ಬೈದಿರಲಿಲ್ಲ. ಎಂದಿನ ಹಾಗೆ ಪಾಠ ಹೇಳಿಕೊಡುತ್ತಿದ್ದ.

ಶನಿವಾರದವರೆಗೆ ಕಾಯಲಾಗಲಿಲ್ಲ. ಮಧ್ಯಾಹ್ನವೇ ಕೆಲಸ ಬಿಟ್ಟು ಅಣ್ಣನ ಮನೆಗೆ ಫ್ರೀವೇ ಹಿಡಿದೆ. ಒಳಗೆ ಹೋದವಳೇ, "ಅಣ್ಣ, ನೀನು ಕೀಬೋರ್ಡಿನ ಚಿತ್ರ ಸ್ವಲ್ಪ ಹೊತ್ತು ನೋಡ್ತಿದ್ರೆ ಫೋಕಸ್ ಅದಕ್ಕೆ ಹೋಗ್ತಿದೆ. ಟರ್ಮಿನಲ್ಲಿಗೆ ನೀನು ಅದನ್ನ ಬಿಟ್ಟು ಹೋದೆ ಅನ್ನಿಸಿ ಮಂಕಾಗ್ತಿದೆ. ಹೌದಾ?" ಎಂದೆ.

ಹುಬ್ಬು ಮೇಲೆ ಹೋಯಿತು. ಎಷ್ಟು ಮೇಲೆ ಎಂದರೆ ಹಣೆಯೆಲ್ಲ ಸುಕ್ಕಾಯಿತು.

ಬರೆದ ಅಕ್ಷರಗಳೆಲ್ಲ ಟರ್ಮಿನಲ್ಲಿಗೇ ಹೋಗುತ್ತಿದ್ದವು. ಆದರೂ ಕಂಪ್ಯೂಟರಿನ ಪಾಲಿಗೆ ಅವನು ಇದ್ದದ್ದು ಕೆಳಗಿನ ಕೀಬೋರ್ಡಿನಲ್ಲಿ. ಬಳಕೆಯಲ್ಲಿಲ್ಲದ ವಿಂಡೋವನ್ನು ಮಂಕು ಮಾಡು ಎಂಬ ಒಂದು ಚೌಕ ಸೆಟ್ಟಿಂಗಿನ ಯಾವುದೋ ಒಳಪುಟದಲ್ಲಿತ್ತು. ಹೋದ ಸಲ ನಾನು ಆ ಪುಟದವರೆಗೂ ಹೋಗಿರಲಿಲ್ಲ. ಚೌಕದಲ್ಲಿದ್ದ ಗುರುತನ್ನು ತೆಗೆದೆ. ಅಣ್ಣ ಕೀಬೋರ್ಡಿನ ಚಿತ್ರವನ್ನು ನೋಡಿದ. ನಾವೆಲ್ಲ ಕಾದೆವು. ಟರ್ಮಿನಲ್ಲಿನ ಅಕ್ಷರಗಳು ಬೆಳ್ಳಗೆ ಹಾಗೇ ಉಳಿದವು.

ಖುಷಿಯಲ್ಲಿ ನಾನೊಂದು ಪ್ರಶ್ನೆ ಕೇಳಿದೆ. "ಹಾಗಾದ್ರೆ ಮೊದ್ಲು ಯಾಕೆ ಹೀಗೆ ಆಗ್ತಿರ್ಲಿಲ್ಲ?"

ಅಣ್ಣ ತನ್ನ ಬಲಗೈಯ ಕಡೆ ನೋಡಿದ. ಆಮೇಲೆ ಬರೆದ. "ಬೆರಳು ಒತ್ತುತ್ತಿತ್ತು." ಸ್ವಲ್ಪ ಹೊತ್ತು ಬಿಟ್ಟು, "ದೀಪಾವಳಿ ಆದ್ಮೇಲೆ ಇಲ್ಲ."

ಆಡುವ ಬೆರಳಿದ್ದಾಗ ಅವನು ಆಗಾಗ ಆ ಪುಟ್ಟ ಬಟನ್ ಒತ್ತಿ ಫೋಕಸ್ಸನ್ನು ಟರ್ಮಿನಲ್ಲಿಗೆ ತಂದುಕೊಳ್ಳುತ್ತಿದ್ದ. ಅದು ನಿಂತಾಗಿನಿಂದ ಮಂಕಾಗುವುದು ಶುರುವಾಗಿತ್ತು. ನಾವು ಸ್ಕ್ರೀನು ನೋಡಿದೆವು, ಬೆರಳು ನೋಡಲಿಲ್ಲ. ಮೈಯಲ್ಲಿ ಆಡುತ್ತಿದ್ದ ಕೊನೆಯ ಬೆರಳು ಸುಮ್ಮನಾದದ್ದು ಅವನೊಬ್ಬನಿಗೆ ಗೊತ್ತಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅತ್ತಿಗೆ ಹತ್ತಿರ ಬಂದು ಆ ಕೈಯನ್ನು ಎತ್ತಿಕೊಂಡರು. "ದಿನಾ ಈ ಕೈ ತೊಳೀತೀನಿ. ಎಣ್ಣೆ ಹಚ್ತೀನಿ. ನಂಗೂ ಹೇಳ್ಲಿಲ್ಲ ನೀವು."

"ಹೇಳಿದ್ರೆ ಏನ್ ಮಾಡ್ತಿದ್ದೆ?" ಎಂದು ಬರೆದ ಅಣ್ಣ. ಅತ್ತಿಗೆ ಆ ಬೆರಳನ್ನು ಹಿಡಿದುಕೊಂಡೇ ಅವನ ಪಕ್ಕದಲ್ಲಿ ಕೂತರು.

ಅದಾದ ಮೇಲಿನ ಕೆಲವು ವಾರ ಅಣ್ಣ ಬರೆದದ್ದೇ ಬರೆದದ್ದು. ಕಾಯಿಲೆ ಬರುವ ಮುಂಚಿನ ಅಣ್ಣ ಒಂದಿಷ್ಟು ವಾಪಸು ಬಂದ ಹಾಗಿತ್ತು. ಮೈಸೂರಿನಲ್ಲಿ ನನಗೆ ಸೈಕಲ್ ಕಲಿಸಿದ ಕಥೆಯನ್ನು ಮಗಳಿಗಾಗಿ ಮೂರು ದಿನ ಹಿಡಿದು ಬರೆದ. ಹಿಂದಿನಿಂದ ಹಿಡಿದಿದ್ದೇನೆಂದು ಹೇಳುತ್ತಲೇ ಕೈಬಿಟ್ಟದ್ದು, ನಾನು ನೇರ ಹೋಗಿ ಎಳನೀರಿನವನ ರಾಶಿಗೆ ಬಿದ್ದದ್ದು, ಅವನು ಮಚ್ಚು ಹಿಡಿದೇ ಅಣ್ಣನನ್ನು ಅಟ್ಟಿಸಿಕೊಂಡು ಬಂದದ್ದು. ಮಚ್ಚಿನ ಸಂಗತಿ ಸುಳ್ಳು ಎಂದೆ. ಅಣ್ಣ ಕಣ್ಣು ಮುಚ್ಚಿದ, ಇಲ್ಲ, ನಿಜ ಎಂದು. ಮಗಳು ಇಂಗ್ಲಿಷ್ ಅಕ್ಷರಗಳ ಮೇಲೆ ತಡವರಿಸುತ್ತಾ ಗಟ್ಟಿಯಾಗಿ ಓದಿದಳು. "ಅಪ್ಪ, ವಾಟ್ ಈಸ್ ಅಟ್ಟಿಸಿಕೊಂಡು?" ಎಂದಳು. ನಾನು ಎದ್ದು ಸೋಫಾದ ಸುತ್ತ ಅವಳನ್ನು ಅಟ್ಟಿಸಿಕೊಂಡು ಹೋಗಿ ತೋರಿಸಿದೆ. ಅಪ್ಪನ ಕಥೆಗಳನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಓದಿದ್ದು ಇದೇ ಮೊದಲು.

ಮತ್ತೆ ನರ್ಸ್ ಬಂದಳು. ಈ ಸಲ ಟ್ಯಾಬ್ಲೆಟ್ಟನ್ನು ಮುಚ್ಚಿ ಪಕ್ಕಕ್ಕಿಟ್ಟು, ಸುಮ್ಮನೆ ಸ್ಕ್ರೀನು ನೋಡುತ್ತಾ ಕೂತಳು. ಅಣ್ಣ ಬರೆಯತೊಡಗಿದ. ನಡುನಡುವೆ ಕಣ್ಣು ಮುಚ್ಚಿ ವಿಶ್ರಾಂತಿ ತೆಗೆದುಕೊಂಡ. ಬರೆದದ್ದು ಇಷ್ಟು: "ನನಗೆ ಯಂತ್ರ ಬೇಡ. ಇದು ಯೋಚಿಸಿ ಹೇಳುತ್ತಿರುವುದು. ಹೆದರಿಕೆ ಇದೆ. ಉಸಿರು ಕಟ್ಟಿ ಒದ್ದಾಡುವ ಹಾಗೆ ಮಾಡಬೇಡಿ. ಉಳಿದದ್ದನ್ನು ನನ್ನ ಹೆಂಡತಿ ಹೇಳುತ್ತಾಳೆ." ಕೊನೆಯ ಚುಕ್ಕಿಯನ್ನೂ ಇಟ್ಟ. ನಂತರ ಹುಬ್ಬು ಎತ್ತಿದ, ಮುಗಿಯಿತು ಎಂದು.

ನಾನು ಬಾಲ್ಕನಿಗೆ ಹೋದೆ. ಅತ್ತಿಗೆ ಹಿಂದೆಯೇ ಬಂದರು.

"ಅದನ್ನ ನಾನು ಸರಿ ಮಾಡ್ಬಾರ್ದಿತ್ತು ಅತ್ತಿಗೆ," ಎಂದೆ.

"ಹುಚ್ಚಿ. ಮಾಡ್ದೇ ಇದ್ದಿದ್ರೂ ಅವರ ಮನಸ್ಸಲ್ಲಿ ಇದೇ ಇರ್ತಿತ್ತು. ನಮಗೆ ಗೊತ್ತಾಗ್ತಿರ್ಲಿಲ್ಲ ಅಷ್ಟೆ."

"ನಿಮಗೆ ಮುಂಚೆನೇ ಗೊತ್ತಿತ್ತಾ?"

ಅವರು ಕೆಳಗಿನ ಕಾರುಗಳನ್ನು ನೋಡುತ್ತಾ ನಿಂತರು. "ಆಸ್ಪತ್ರೇಲಿ ದಿನಾ ಬೇರೆಯವರಿಗೆ ಈ ಪ್ರಶ್ನೆ ಕೇಳ್ತೀನಿ. ಮನೇಲಿ ಕೇಳಕ್ಕೆ ಬಾಯಿ ಬರ್ಲಿಲ್ಲ ನಂಗೆ."

ಒಳಗೆ ಹೋಗಿ ಅಣ್ಣನ ಎದುರು ಕೂತೆ. ಕೋಪ ಬಂದಿತ್ತು. "ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

ಅವನು ನನ್ನನ್ನು ನೋಡಿ ಬರೆದ. "ಕೇಳಿದ್ರೆ ನೀನು ಅಳ್ತಿದ್ದೆ. ನೀನು ಅತ್ರೆ ನಂಗೂ ಬದುಕ್ಬೇಕು ಅನ್ನಿಸ್ಬಿಡುತ್ತೆ."

ನಾನು ಅವನ ಮಂಡಿಯ ಮೇಲೆ ತಲೆಯಿಟ್ಟೆ. ಆ ಕಾಲು ಬರೀ ಮೂಳೆಯಾಗಿತ್ತು. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಏಳುವಾಗ ಅವನ ಪ್ಯಾಂಟು ಒದ್ದೆಯಾಗಿತ್ತು.

ಚಳಿಗಾಲದ ಮಳೆ ಮುಗಿದು ಬೆಟ್ಟಗಳೆಲ್ಲ ಹಸಿರಾಗಿದ್ದ ದಿನಗಳಲ್ಲಿ ಅವನು ತೀರಿಕೊಂಡ. ಆ ಹೊತ್ತಿಗೆ ಕಣ್ಣುಗಳೂ ಸೋತಿದ್ದವು. ಸ್ಕ್ರೀನಿನಲ್ಲಿ ದಿನಕ್ಕೆ ಎರಡು ಮೂರು ಪದ ಬಂದರೆ ಹೆಚ್ಚು. ಕೊನೆಯದಾಗಿ ಅವನು ಬರೆದದ್ದು "ಫ್ಯಾನ್" ಎಂದು. ಅದರ ಅರ್ಥ ಹಾಕು ಎಂದೋ, ಆರಿಸು ಎಂದೋ ಅತ್ತಿಗೆಗೆ ತಿಳಿಯಲಿಲ್ಲ. ಹಾಕಿ ನೋಡಿದರಂತೆ, ಅವನು ಹುಬ್ಬು ಎತ್ತಿದನಂತೆ. ಮಾರನೆಯ ಬೆಳಿಗ್ಗೆ, ಔಷಧಿ ಕೊಟ್ಟು ಮಲಗಿಸಿದ್ದ ನಿದ್ದೆಯಲ್ಲೇ ಉಸಿರು ನಿಧಾನವಾಗುತ್ತಾ ಹೋಯಿತು. ಒದ್ದಾಡಲಿಲ್ಲ. ನಾನು ಲ್ಯಾಬಿನಿಂದ ಹೋಗಿ ಸೇರುವಷ್ಟರಲ್ಲಿ ಮುಗಿದಿತ್ತು. ಮಗಳು ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ, "ಅತ್ತೆ, ಅಪ್ಪಂಗೆ ಚಳಿ ಆಗುತ್ತೆ," ಎಂದಳು. ನಾನು ಹೊದಿಕೆಯನ್ನು ಅವನ ಎದೆಯವರೆಗೆ ಎಳೆದೆ.

ಹನ್ನೊಂದನೆಯ ದಿನದ ಕಾರ್ಯ ಮುಗಿದು, ಬಂದ ನಾಲ್ಕಾರು ಜನ ಹೋದ ಮೇಲೆ ನಾನೂ ಅತ್ತಿಗೆಯೂ ಪಾತ್ರೆ ತೊಳೆದೆವು. ಊಟ ಬಹಳ ಉಳಿದಿತ್ತು. ಬಂದವರೆಲ್ಲ ಬೇಗ ಬೇಗ ಉಂಡು ಬೇಗ ಹೊರಟುಬಿಟ್ಟಿದ್ದರು. ಬಾಗಿಲಲ್ಲಿ ಅವರನ್ನು ತಡೆದು ನಿಲ್ಲಿಸುವವರು ಇರಲಿಲ್ಲ. ಉಳಿದದ್ದನ್ನು ಡಬ್ಬಿಗಳಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಚಪ್ಪಲಿ ಹಾಕಿಕೊಂಡಾಗ ಅತ್ತಿಗೆ ಕೈ ಒರೆಸುತ್ತಾ ಬಂದು ನಿಂತರು.

"ಶನಿವಾರ ಬರ್ತೀಯಲ್ಲಾ?"

"ಬರ್ತೀನಿ ಅತ್ತಿಗೆ."

ಇನ್ನೇನೋ ಕೇಳಬೇಕೆಂದಿದ್ದ ಹಾಗೆ ಅವರು ಸ್ವಲ್ಪ ಹೊತ್ತು ಅಲ್ಲೇ ಇದ್ದರು. ನಾನು ಅವಸರ ಮಾಡದೆ ಕಾದೆ. ಕೊನೆಗೆ ಅವರು, ಹೊರಡು ಎನ್ನುವಂತೆ ತಲೆಯಾಡಿಸಿದರು. ಆಮೇಲೆ ಮೆಟ್ಟಿಲಿಳಿದು ಕಾರಿಗೆ ಬಂದೆ. ಆ ಶನಿವಾರ ಹೋದೆ, ಅದರ ಮುಂದಿನ ಶನಿವಾರವೂ ಹೋದೆ. ಈಗಲೂ ಹೋಗುತ್ತಿದ್ದೇನೆ.